ಮೂಕಜೀವಿಗಳ ಪರವಾದ ನುಡಿಯೂ ಸತ್ಯಾಣುವ್ರತವೂ

ಅಹಿಂಸೆಯ ಪರವಾಗಿ ಬರೆದ ಬರಹವನ್ನು ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗಲು ಶ್ರಾವಕರ ಮನಸ್ಸು ಸಾಮಾನ್ಯವಾಗಿ ಒಪ್ಪುವುದಿಲ್ಲ. ಉದ್ದೇಶವೇ ಶುದ್ಧವಾಗಿರುವಾಗ ಮಾತಿನ ಶುದ್ಧಿಯನ್ನು ಪರೀಕ್ಷಿಸುವುದೇಕೆ ಎಂಬ ಭಾವನೆ ಸಹಜವಾದುದೇ ಸರಿ. ಆದರೆ ಪಂಚಾಣುವ್ರತಗಳ ಎಣಿಕೆಯಲ್ಲಿ ಅಹಿಂಸೆಯ ಬೆನ್ನಿಗೇ ಸತ್ಯವು ಬಂದಿರುವುದು ಅಕಾರಣವಲ್ಲ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಳ್ಳೂ ಹಿಂಸೆಯ ಒಂದು ರೂಪವೇ, ಶಿಷ್ಯರಿಗೆ ತಿಳಿಯಲೆಂದು ಮಾತ್ರ ಅದನ್ನು ಬೇರೆಯಾಗಿ ಹೇಳಲಾಗಿದೆ ಎಂದು ಪ್ರತಿಪಾದಿಸಿದ್ದಾರೆ. ಈ ನಿಲುವನ್ನು ಅಂಗೀಕರಿಸಿದರೆ, ಜೀವದಯೆಗಾಗಿ ಆಡಿದ ಅಸತ್ಯವು ಜೀವದಯೆಯನ್ನೇ ಭಂಗಗೊಳಿಸುತ್ತದೆ ಎಂದು ಒಪ್ಪಬೇಕಾಗುತ್ತದೆ.

ವೈದ್ಯಕೀಯ ಸಂಶೋಧನೆಗಾಗಿ ಪ್ರಾಣಿಗಳನ್ನು ಬಳಸುವುದರ ವಿರುದ್ಧ ಜನಜಾಗೃತಿ ಮೂಡಿಸುವ ಸಾಹಿತ್ಯಕ್ಕೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ಪುಸ್ತಕ, ಕರಪತ್ರ, ಭಾಷಣ, ಪ್ರತಿಮೆ, ಪತ್ರಿಕಾ ಜಾಹೀರಾತು ಇವೆಲ್ಲವೂ ಅದರ ಅಂಗಗಳು. ಮಹಾವೀರ ಜಯಂತಿಯ ಸಂದರ್ಭದಲ್ಲಿಯೂ ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿಯೂ ಜಿನಮಂದಿರಗಳ ಟ್ರಸ್ಟುಗಳು ಹಂಚುವ ಅಹಿಂಸಾ ಪ್ರಚಾರದ ಹಾಳೆಗಳು ಆ ಪರಂಪರೆಯ ಮುಂದುವರಿಕೆಯೇ ಆಗಿವೆ. ಆದುದರಿಂದ ಆ ಪರಂಪರೆಯ ಎರಡು ಪ್ರಸಿದ್ಧ ಪ್ರಯತ್ನಗಳನ್ನು, ಅಂದರೆ ಲಂಡನ್ನಿನಲ್ಲಿ 1903ರಲ್ಲಿ ಪ್ರಕಟವಾದ ಒಂದು ಪುಸ್ತಕವನ್ನೂ ನ್ಯೂಯಾರ್ಕಿನಲ್ಲಿ 1980ರಲ್ಲಿ ಪ್ರಕಟವಾದ ಒಂದು ಜಾಹೀರಾತನ್ನೂ, ಸತ್ಯಾಣುವ್ರತದ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಯೋಜನಕರ.

ಕಂದುನಾಯಿಯ ಪ್ರಕರಣ

ಸ್ವೀಡನ್ ದೇಶದ ಇಬ್ಬರು ಮಹಿಳೆಯರು, ಲಿಜ್ಜಿ ಲಿಂಡ್ ಆಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ, 1902ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ವಿದ್ಯಾರ್ಥಿನಿಯರಾಗಿ ಸೇರಿದರು. ಪ್ರಾಣಿಗಳನ್ನು ಜೀವಂತವಾಗಿ ಕೊಯ್ದು ಮಾಡುವ ಪ್ರಯೋಗಗಳ ವಿರೋಧಿಗಳಾಗಿದ್ದ ಇವರ ಉದ್ದೇಶ, ಆ ಪ್ರಯೋಗಗಳನ್ನು ಕಣ್ಣಾರೆ ಕಂಡು ದಾಖಲಿಸುವುದೇ ಆಗಿತ್ತು. ಕಾಲೇಜುಗಳ ಉಪನ್ಯಾಸಗಳಲ್ಲಿ ಕಂಡುದನ್ನು ದಿನಚರಿಯಾಗಿ ಬರೆದಿಟ್ಟು 1903ರಲ್ಲಿ ‘ದಿ ಶ್ಯಾಂಬಲ್ಸ್ ಆಫ್ ಸೈನ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದರು. ವಿಜ್ಞಾನದ ಕಸಾಯಿಖಾನೆ ಎಂಬುದು ಆ ಹೆಸರಿನ ಭಾವಾರ್ಥ.

ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲಕ್ಕೆ ಕಾರಣವಾದುದು ‘ಮೋಜು’ ಎಂಬ ಅರ್ಥದ ಶೀರ್ಷಿಕೆಯ ಒಂದು ಅಧ್ಯಾಯ. 1903ರ ಫೆಬ್ರವರಿ 2ರಂದು ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಶಾಸ್ತ್ರಜ್ಞ ವಿಲಿಯಂ ಬೇಲಿಸ್ ಅವರು ವಿದ್ಯಾರ್ಥಿಗಳ ಮುಂದೆ ಒಂದು ಕಂದುಬಣ್ಣದ ನಾಯಿಯ ಮೇಲೆ ಪ್ರಯೋಗ ನಡೆಸಿದರು. ಜೊಲ್ಲಿನ ಗ್ರಂಥಿಯ ಒತ್ತಡವು ರಕ್ತದೊತ್ತಡವನ್ನು ಅವಲಂಬಿಸಿಲ್ಲವೆಂದು ತೋರಿಸುವುದು ಅದರ ಉದ್ದೇಶವಾಗಿತ್ತು. ನಾಯಿಗೆ ಅರಿವಳಿಕೆ ಸಾಕಷ್ಟು ನೀಡಿರಲಿಲ್ಲ, ಅದು ಒದ್ದಾಡಿತು, ನೆರೆದವರು ನಗೆಯಾಡಿದರು ಎಂದು ಆ ಅಧ್ಯಾಯವು ಹೇಳಿತು. ನಾಯಿಯ ಮೈಮೇಲೆ ಹಿಂದಿನ ಶಸ್ತ್ರಕ್ರಿಯೆಯ ಹೊಸ ಗಾಯದ ಗುರುತು ಇದ್ದುದನ್ನೂ ಲೇಖಕಿಯರು ಗಮನಿಸಿದ್ದರು.

ಈ ವಿಷಯವು ಪ್ರಯೋಗವಿರೋಧಿ ಸಂಘದ ಕಾರ್ಯದರ್ಶಿಯೂ ವಕೀಲರೂ ಆಗಿದ್ದ ಸ್ಟೀಫನ್ ಕೋಲ್‌ರಿಡ್ಜ್ ಅವರಿಗೆ ತಲುಪಿತು. 1876ರ ಪ್ರಾಣಿಕ್ರೌರ್ಯ ಕಾಯ್ದೆಯ ಪ್ರಕಾರ ಮೊಕದ್ದಮೆ ಹೂಡುವುದು ಸುಲಭವಿರಲಿಲ್ಲ. ಅದಕ್ಕೆ ಕಾಲಮಿತಿಯೂ ಗೃಹಮಂತ್ರಿಯ ಅನುಮತಿಯೂ ಅಡ್ಡವಾಗಿದ್ದವು. ಕೋಲ್‌ರಿಡ್ಜ್ ಅವರು 1903ರ ಮೇ 1ರಂದು ಬಹಿರಂಗ ಸಭೆಯೊಂದರಲ್ಲಿ ಆಪಾದನೆಯನ್ನು ಘೋಷಿಸಿದರು. ಬೇಲಿಸ್ ಅವರು ಮಾನನಷ್ಟದ ದಾವೆ ಹೂಡಿದರು.

ಆ ವರ್ಷದ ನವೆಂಬರ್ ತಿಂಗಳಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಆಲ್ವರ್‌ಸ್ಟನ್ ಅವರ ಮುಂದೆ ವಿಚಾರಣೆ ನಡೆಯಿತು. ನಾಯಿಗೆ ಮೊದಲು ಮಾರ್ಫಿನ್, ಅನಂತರ ಆಲ್ಕೋಹಾಲ್, ಕ್ಲೋರೋಫಾರ್ಮ್, ಈಥರ್‌ಗಳ ಮಿಶ್ರಣವನ್ನು ನಳಿಗೆಯ ಮೂಲಕ ನೀಡಲಾಗಿತ್ತೆಂದು ಪ್ರಯೋಗಾಲಯದವರು ಸಾಕ್ಷ್ಯ ನುಡಿದರು. ಮಹಿಳೆಯರು ಆ ನಳಿಗೆಯನ್ನು ನೋಡಿರಲಿಲ್ಲ. ಕಂಡುದು ಒದ್ದಾಟವಲ್ಲ, ಬರಿಯ ಸೆಳೆತವೆಂದು ವಿದ್ಯಾರ್ಥಿಗಳು ಹೇಳಿದರು. ಜ್ಯೂರಿಯು ಒಮ್ಮತದಿಂದ ಬೇಲಿಸ್ ಅವರ ಪರವಾಗಿ ನಿಂತು 2000 ಪೌಂಡ್ ಪರಿಹಾರವನ್ನು ವಿಧಿಸಿತು. ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಮುಂದಿನ ಆವೃತ್ತಿಯಲ್ಲಿ ‘ಮೋಜು’ ಅಧ್ಯಾಯವಿರಲಿಲ್ಲ.

ಯಾವುದು ಉಳಿಯಿತು, ಯಾವುದು ಬಿದ್ದಿತು

ವಿಮರ್ಶೆಗೆ ಮುಖ್ಯವಾದ ಅಂಶವು ಇಲ್ಲಿದೆ. ಪುಸ್ತಕದಲ್ಲಿದ್ದ ಎಲ್ಲ ಮಾತುಗಳೂ ನ್ಯಾಯಾಲಯದಲ್ಲಿ ಬೀಳಲಿಲ್ಲ. ಗಾಯದ ಗುರುತಿನ ಬಗೆಗೆ ಲೇಖಕಿಯರು ಬರೆದುದು ಅಕ್ಷರಶಃ ನಿಜವಾಗಿತ್ತು. 1902ರ ಡಿಸೆಂಬರಿನಲ್ಲಿ ಅದೇ ನಾಯಿಯ ಮೇಲೆ ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ಮೇದೋಜೀರಕ ಗ್ರಂಥಿಗೆ ಸಂಬಂಧಿಸಿದ ಶಸ್ತ್ರಕ್ರಿಯೆ ಮಾಡಿದ್ದರು. ಒಂದೇ ಪ್ರಾಣಿಯನ್ನು ಹೀಗೆ ಮತ್ತೆ ಬಳಸಿದುದು ಕಾನೂನಿಗೆ ವಿರುದ್ಧವಾಗಿತ್ತೆಂಬುದನ್ನು ಸ್ವತಃ ಸ್ಟಾರ್ಲಿಂಗ್ ಅವರೇ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಎರಡು ನಾಯಿಗಳನ್ನು ಕೊಲ್ಲುವುದನ್ನು ತಪ್ಪಿಸಲು ಹಾಗೆ ಮಾಡಿದುದಾಗಿ ಅವರು ಸಮಾಧಾನ ಹೇಳಿದರು.

ಹೀಗೆ, ಕಂಡುದನ್ನು ಕಂಡಷ್ಟೇ ಬರೆದ ವಾಕ್ಯವು ಎದುರಾಳಿಯ ಬಾಯಿಂದಲೇ ದೃಢವಾಯಿತು. ಕಾಣದಿದ್ದುದನ್ನು ಊಹಿಸಿ ಬರೆದ ವಾಕ್ಯವು, ಅಂದರೆ ಅರಿವಳಿಕೆ ಇರಲಿಲ್ಲವೆಂಬ ಮಾತು, ಇಡೀ ಪುಸ್ತಕವನ್ನೇ ತನ್ನೊಡನೆ ಎಳೆದುಕೊಂಡು ಬಿದ್ದಿತು. ನಳಿಗೆಯು ತಮಗೆ ಕಾಣಲಿಲ್ಲ ಎಂದಷ್ಟೇ ಬರೆದಿದ್ದರೆ ಅದು ಸಾಕ್ಷ್ಯವಾಗುತ್ತಿತ್ತು. ಇರಲಿಲ್ಲ ಎಂದು ಬರೆದುದರಿಂದ ಅದು ಆಪಾದನೆಯಾಯಿತು. ‘ಕಾಣಲಿಲ್ಲ’ ಮತ್ತು ‘ಇರಲಿಲ್ಲ’ ಎಂಬ ಎರಡು ಪದಗಳ ನಡುವಣ ಅಂತರವು ಎಷ್ಟು ದೊಡ್ಡದೆಂಬುದನ್ನು ಸ್ಯಾದ್ವಾದವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇದರಿಂದಾದ ನಷ್ಟವು ಲೇಖಕಿಯರದು ಮಾತ್ರವಲ್ಲ. ಕಾನೂನಿನ ಉಲ್ಲಂಘನೆಯೊಂದು ನ್ಯಾಯಾಲಯದಲ್ಲಿ ಒಪ್ಪಿತವಾಗಿಯೂ ಅದಕ್ಕೆ ಯಾವ ದಂಡವೂ ಬೀಳಲಿಲ್ಲ. ಜನರ ಗಮನವೆಲ್ಲ ಮಾನನಷ್ಟದ ಕಡೆಗೆ ಹರಿಯಿತು. ನಾಯಿಗೆ ಆದ ಅನ್ಯಾಯದ ಸಾಬೀತಾದ ಭಾಗವು ಸಾಬೀತಾಗದ ಭಾಗದ ಅಡಿಯಲ್ಲಿ ಹೂತುಹೋಯಿತು. ಮನುಷ್ಯನು ತನ್ನ ಪರವಾಗಿ ವಾದಿಸುವ ವಕೀಲನು ತಪ್ಪಿದರೆ ಎದ್ದುನಿಂತು ತಿದ್ದಬಲ್ಲನು. ನಾಯಿಗೆ ಆ ಸೌಲಭ್ಯವಿಲ್ಲ. ಮೂಕಜೀವಿಯ ಪರವಾಗಿ ಮಾತನಾಡುವವನ ಹೊಣೆಯು ಬೇರೆಲ್ಲ ವಕೀಲರ ಹೊಣೆಗಿಂತ ಭಾರವಾದುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಪ್ರಕರಣವು ಅಲ್ಲಿಗೇ ಮುಗಿಯಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಪ್ರದೇಶದ ಉದ್ಯಾನವೊಂದರಲ್ಲಿ ಆ ನಾಯಿಯ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಅದರ ಶಾಸನವು ನಾಯಿಯನ್ನು ಹಿಂಸಿಸಿ ಕೊಂದರೆಂದು ಸಾರಿ, 1902ರಲ್ಲಿ ಅದೇ ಸ್ಥಳದಲ್ಲಿ 232 ನಾಯಿಗಳು ಪ್ರಯೋಗಕ್ಕೆ ಬಲಿಯಾದವೆಂದು ಹೇಳಿತು. ವೈದ್ಯಕೀಯ ವಿದ್ಯಾರ್ಥಿಗಳು ಕೆರಳಿದರು. 1907ರ ಡಿಸೆಂಬರ್ 10ರಂದು ಸುಮಾರು ಸಾವಿರ ಮಂದಿ ಲಂಡನ್ನಿನ ಬೀದಿಗಳಲ್ಲಿ ಗಲಭೆಯೆಬ್ಬಿಸಿದರು. 1910ರ ಮಾರ್ಚ್ ತಿಂಗಳಲ್ಲಿ ಪುರಸಭೆಯು ಪೊಲೀಸರ ಕಾವಲಿನಲ್ಲಿ, ಬೆಳಗಾಗುವ ಮುನ್ನವೇ ಪ್ರತಿಮೆಯನ್ನು ಕಿತ್ತುಹಾಕಿತು. 1985ರಲ್ಲಿ ಬ್ಯಾಟರ್‌ಸೀ ಉದ್ಯಾನದಲ್ಲಿ ಮತ್ತೊಂದು ಪ್ರತಿಮೆ ಎದ್ದಿತು.

ವಿದ್ಯಾರ್ಥಿಗಳ ವರ್ತನೆಯು ವಿದ್ಯೆಗೆ ಶೋಭೆ ತರುವಂಥದಲ್ಲ. ಒಂದು ನಾಯಿಯ ನೆನಪನ್ನು ಸಹಿಸಲಾರದ ವಿಜ್ಞಾನಾಭಿಮಾನವು ತನ್ನ ದೌರ್ಬಲ್ಯವನ್ನೇ ಪ್ರದರ್ಶಿಸಿತು. ಆದರೆ ಶಾಸನವನ್ನು ಬರೆದವರೂ ವಿಚಾರಣೆಯಿಂದ ಪಾಠ ಕಲಿಯಲಿಲ್ಲ. 232 ಎಂಬ ಸಂಖ್ಯೆಯೊಂದೇ ಓದುಗನನ್ನು ನಿಲ್ಲಿಸಿ ಚಿಂತನೆಗೆ ಹಚ್ಚಲು ಸಾಕಾಗಿತ್ತು. ವಿಶೇಷಣಗಳ ರೋಷವು ಸಂಖ್ಯೆಯ ಗಾಂಭೀರ್ಯವನ್ನು ಕಡಿಮೆ ಮಾಡಿತು.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಇದೇ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು 1902ರಲ್ಲಿ ನಾಯಿಯ ಮೇಲಿನ ಪ್ರಯೋಗದಿಂದಲೇ ‘ಸಿಕ್ರೆಟಿನ್’ ಎಂಬ ದ್ರವ್ಯವನ್ನು ಕಂಡುಹಿಡಿದರು. ‘ಹಾರ್ಮೋನ್’ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವರು ಸ್ಟಾರ್ಲಿಂಗ್ ಅವರೇ. ಇಂದಿನ ಅಂತಃಸ್ರಾವ ವೈದ್ಯಶಾಸ್ತ್ರದ ಅಡಿಗಲ್ಲು ಆ ಪ್ರಯೋಗಾಲಯದಲ್ಲಿ ಬಿದ್ದಿತು. ಇದನ್ನು ಹೇಳದೆ ಕಂದುನಾಯಿಯ ಕಥೆಯನ್ನು ಮಾತ್ರ ಹೇಳುವುದು ಖಾತೆಯ ಒಂದೇ ಬದಿಯನ್ನು ತೋರಿಸಿದಂತೆ.

ಲಾಭವನ್ನು ಅಲ್ಲಗಳೆಯುವ ಅಗತ್ಯವಿದೆಯೆ?

ಪ್ರಚಾರ ಸಾಹಿತ್ಯದಲ್ಲಿ ಪದೇಪದೇ ಕಾಣುವ ಒಂದು ಮಾತೆಂದರೆ, ಪ್ರಾಣಿಪ್ರಯೋಗದಿಂದ ಮನುಕುಲಕ್ಕೆ ಎಂದೂ ಯಾವ ಪ್ರಯೋಜನವೂ ಆಗಿಲ್ಲ ಎಂಬುದು. ಇದು ನಿಜವಲ್ಲ. ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ದೊರೆಯಿತು. ಪೋಲಿಯೋ ಲಸಿಕೆಯ ತಯಾರಿಕೆಗೆ ಕೋತಿಗಳ ಮೂತ್ರಪಿಂಡದ ಜೀವಕೋಶಗಳು ಬಳಕೆಯಾದವು. ಅದಕ್ಕಾಗಿ ಭಾರತದಿಂದಲೇ ಅಪಾರ ಸಂಖ್ಯೆಯ ಕೋತಿಗಳು ವಿದೇಶಕ್ಕೆ ರಫ್ತಾದವು. ಆ ರಫ್ತು ನಿಂತುದು 1978ರಲ್ಲಿ, ಮೊರಾರ್ಜಿ ದೇಸಾಯಿ ಅವರ ಸರ್ಕಾರದ ನಿಷೇಧದಿಂದ. ಇಂತಹ ಸಂಗತಿಗಳನ್ನು ಬಲ್ಲ ವೈದ್ಯನೊಬ್ಬನು ಅಹಿಂಸಾ ಪ್ರಚಾರದ ಹಾಳೆಯನ್ನು ಓದಿದಾಗ ಮೊದಲನೆಯ ಸುಳ್ಳಿನಲ್ಲಿಯೇ ಅದನ್ನು ಕೆಳಗಿಡುತ್ತಾನೆ. ಉಳಿದ ಒಂಬತ್ತು ಸತ್ಯಗಳು ಅವನನ್ನು ತಲುಪುವುದೇ ಇಲ್ಲ.

ಅದಕ್ಕಿಂತ ದೊಡ್ಡ ದೋಷವೆಂದರೆ, ಅಹಿಂಸಾಧರ್ಮಕ್ಕೆ ಈ ಸುಳ್ಳಿನ ಆಸರೆ ಬೇಕಾಗಿಯೇ ಇಲ್ಲ. ಒಂದನ್ನು ಕೊಂದು ಹಲವನ್ನು ಉಳಿಸಬಹುದು ಎಂಬ ವಾದವನ್ನು ಅಮೃತಚಂದ್ರರು ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಹಲವು ಉಳಿಯುವುದಿಲ್ಲ ಎಂದು ಅವರು ವಾದಿಸಲಿಲ್ಲ. ಉಳಿದರೂ ಕೊಲ್ಲುವುದು ಹಿಂಸೆಯೇ ಎಂಬುದು ಅವರ ನಿಲುವು. ಲಾಭವಾಯಿತೆಂಬ ಕಾರಣದಿಂದ ವ್ಯಾಪಾರವು ನ್ಯಾಯವಾಗುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಕುಳಿತ ಪ್ರತಿಯೊಬ್ಬ ಶ್ರಾವಕನೂ ಬಲ್ಲ. ಕಳ್ಳತೂಕದಿಂದ ಲಾಭವೇ ಬರುವುದಿಲ್ಲ ಎಂದು ಧರ್ಮಗ್ರಂಥಗಳು ಹೇಳಲಿಲ್ಲ. ಬಂದರೂ ಬೇಡ ಎಂದವು. ಅಹಿಂಸೆಯನ್ನು ನಿಷ್ಪ್ರಯೋಜಕತೆಯ ವಾದದ ಮೇಲೆ ನಿಲ್ಲಿಸಿದವರು, ನಾಳೆ ಒಂದು ಪ್ರಯೋಗವು ಫಲಿಸಿದರೆ ತಮ್ಮ ಧರ್ಮವನ್ನೇ ಒತ್ತೆಯಿಟ್ಟಂತಾಗುತ್ತದೆ.

ಪ್ರಾಣಿಪ್ರಯೋಗವು ಯಾವ ಬಗೆಯ ಹಿಂಸೆ ಎಂಬ ಪ್ರಶ್ನೆಯನ್ನೂ ಇಲ್ಲಿ ಗಮನಿಸಬೇಕು. ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ, ಉದ್ಯೋಗೀ ಹಿಂಸೆಗಳ ಸಾಲಿನಲ್ಲಿ ಇದನ್ನು ಸೇರಿಸಲು ಕೆಲವರು ಬಯಸುತ್ತಾರೆ. ಆದರೆ ಪ್ರಾಣಿಯನ್ನು ಮೊದಲೇ ಆಯ್ದು, ದಿನವನ್ನು ಗೊತ್ತುಪಡಿಸಿ, ವಿಧಾನವನ್ನು ಬರೆದಿಟ್ಟು ಮಾಡುವ ಕಾರ್ಯವು ಸಂಕಲ್ಪದಿಂದ ಹೊರತಾದುದೆನ್ನುವುದು ಕಷ್ಟ. ಸಂಶೋಧಕನ ಮನಸ್ಸಿನಲ್ಲಿ ದ್ವೇಷವಿಲ್ಲವೆಂಬುದೂ ರೋಗಿಯ ಮೇಲೆ ಕರುಣೆಯಿದೆಯೆಂಬುದೂ ನಿಜವಿರಬಹುದು. ಭಾವಹಿಂಸೆಯ ತೀವ್ರತೆಯನ್ನು ಅದು ತಗ್ಗಿಸುತ್ತದೆ. ದ್ರವ್ಯಹಿಂಸೆಯನ್ನು ಅಳಿಸುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯವುಳ್ಳ ಪ್ರಚಾರ ಸಾಹಿತ್ಯವೇ ಅನೇಕಾಂತಕ್ಕೆ ಒಪ್ಪುವ ಸಾಹಿತ್ಯ.

ಬೇಟೆಗಾರನ ದೃಷ್ಟಾಂತ

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಜೀವಿಗೆ ಆಪತ್ತನ್ನು ತರುವ ಸತ್ಯವನ್ನು ಆಡಬಾರದೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೇ ವಿಧಿಸಿದೆ. ಜಿಂಕೆಯು ಎತ್ತ ಹೋಯಿತೆಂದು ಬೇಟೆಗಾರನು ಕೇಳಿದಾಗ ಮುನಿಯು ದಾರಿ ತೋರಿಸುವುದಿಲ್ಲ ಎಂಬ ದೃಷ್ಟಾಂತವು ಪ್ರವಚನಗಳಲ್ಲಿ ಪ್ರಸಿದ್ಧವಾಗಿದೆ. ಹಾಗಾದರೆ, ಪ್ರಾಣಿಗಳನ್ನು ಉಳಿಸಲು ಒಂದಿಷ್ಟು ಉತ್ಪ್ರೇಕ್ಷೆ ಮಾಡಿದರೆ ದೋಷವೇನು?

ದೃಷ್ಟಾಂತವನ್ನು ಸೂಕ್ಷ್ಮವಾಗಿ ನೋಡಿದರೆ ಉತ್ತರವು ಅದರಲ್ಲಿಯೇ ಇದೆ. ಬೇಟೆಗಾರನು ಕೊಲ್ಲಲೆಂದೇ ಕೇಳುತ್ತಾನೆ. ಜಿಂಕೆಯ ಪ್ರಾಣವು ಆ ಕ್ಷಣದ ಉತ್ತರವನ್ನು ಅವಲಂಬಿಸಿದೆ. ಅಲ್ಲಿ ಮೌನವು ಸಾಕು. ಕರಪತ್ರವನ್ನು ಓದುವವನು ಬೇಟೆಗಾರನಲ್ಲ. ಅವನು ವಿದ್ಯಾರ್ಥಿ, ತಾಯಿ, ಔಷಧದ ಅಂಗಡಿಯವನು, ರೋಗಿ. ತಿಳಿಯಲೆಂದು ಬಂದವನು. ಅವನಿಂದ ಕರಪತ್ರವು ಬೇಡುವುದು ವಿಶ್ವಾಸವನ್ನು. ವಿಶ್ವಾಸವನ್ನು ಬೇಡುವ ಸ್ಥಳದಲ್ಲಿ ಸುಳ್ಳನ್ನು ನೀಡುವುದು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದೆಂದು ಎಣಿಸಿರುವ ಮಿಥ್ಯೋಪದೇಶವೇ ಆಗುತ್ತದೆ. ಹಳೆಯ ಕಾಲದ, ಬೇರೆ ದೇಶದ ಚಿತ್ರವೊಂದನ್ನು ಮುದ್ರಿಸಿ ಇಂದಿನ ಪ್ರಯೋಗಾಲಯದ ಚಿತ್ರವೆಂಬಂತೆ ತೋರಿಸುವುದು ಅದೇ ಸಾಲಿನ ಕೂಟಲೇಖಕ್ರಿಯೆಗೆ ದೂರವಲ್ಲ. ಸುಳ್ಳು ದಸ್ತಾವೇಜಿಗೆ ವ್ಯಾಪಾರಿಗೆ ಅನ್ವಯಿಸುವ ನಿಯಮವು ಧರ್ಮಪ್ರಚಾರಕನಿಗೆ ಅನ್ವಯಿಸಬಾರದೆಂಬ ವಿನಾಯಿತಿ ಎಲ್ಲಿಯೂ ಇಲ್ಲ.

ಒಂದು ಪುಟದ ಜಾಹೀರಾತು

ಎರಡನೆಯ ನಿದರ್ಶನವು ಇದಕ್ಕೆ ವ್ಯತಿರಿಕ್ತವಾದುದು. ಬೆಲ್ಜಿಯಂ ದೇಶದಲ್ಲಿ 1927ರಲ್ಲಿ ಜನಿಸಿ, ಅಮೆರಿಕದಲ್ಲಿ ಹಡಗಿನ ನಾವಿಕನಾಗಿಯೂ ಅನಂತರ ನ್ಯೂಯಾರ್ಕಿನಲ್ಲಿ ಶಾಲಾ ಶಿಕ್ಷಕನಾಗಿಯೂ ದುಡಿದ ಹೆನ್ರಿ ಸ್ಪೈರಾ ಅವರು ಪ್ರಾಣಿಗಳ ಪರವಾದ ಹೋರಾಟವನ್ನು 1970ರ ದಶಕದಲ್ಲಿ ಆರಂಭಿಸಿದರು. ಪೀಟರ್ ಸಿಂಗರ್ ಅವರು 1998ರಲ್ಲಿ ಪ್ರಕಟಿಸಿದ ‘ಎಥಿಕ್ಸ್ ಇನ್‌ಟು ಆ್ಯಕ್ಷನ್’ ಎಂಬ ಗ್ರಂಥವು ಇವರ ಕಾರ್ಯವನ್ನು ದಾಖಲಿಸಿದೆ. 1976ರಲ್ಲಿ ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಬೆಕ್ಕುಗಳನ್ನು ಅಂಗವಿಕಲಗೊಳಿಸಿ ನಡೆಸುತ್ತಿದ್ದ ಪ್ರಯೋಗಗಳನ್ನು ಪ್ರಶ್ನಿಸಿದಾಗ, ಸ್ಪೈರಾ ಅವರು ಯಾವ ವದಂತಿಯನ್ನೂ ಬಳಸಲಿಲ್ಲ. ಮಾಹಿತಿ ಸ್ವಾತಂತ್ರ್ಯ ಕಾನೂನಿನ ಮೂಲಕ ಪಡೆದ ಕಡತಗಳನ್ನೂ ಪ್ರಯೋಗಕಾರರೇ ಬರೆದ ವರದಿಗಳನ್ನೂ ಜನರ ಮುಂದಿಟ್ಟರು. ಮರುವರ್ಷ ಆ ಪ್ರಯೋಗಗಳು ನಿಂತವು.

ಅನಂತರ ಅವರ ಗಮನ ಹರಿದುದು ಡ್ರೈಜ್ ಪರೀಕ್ಷೆಯ ಕಡೆಗೆ. 1944ರಲ್ಲಿ ರೂಪುಗೊಂಡ ಈ ಪರೀಕ್ಷೆಯಲ್ಲಿ ಪ್ರಸಾಧನ ದ್ರವ್ಯಗಳನ್ನೂ ಇತರ ರಾಸಾಯನಿಕಗಳನ್ನೂ ಮೊಲದ ಕಣ್ಣಿಗೆ ಹಾಕಿ ಆಗುವ ಹಾನಿಯನ್ನು ಅಳೆಯಲಾಗುತ್ತಿತ್ತು. 1980ರ ಏಪ್ರಿಲ್ ತಿಂಗಳಲ್ಲಿ ಸ್ಪೈರಾ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತು ನೀಡಿದರು. ಸೌಂದರ್ಯಕ್ಕಾಗಿ ಎಷ್ಟು ಮೊಲಗಳು ಕುರುಡಾಗಬೇಕೆಂದು ರೆವ್ಲಾನ್ ಸಂಸ್ಥೆಯನ್ನು ಅದು ಪ್ರಶ್ನಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಸಂಸ್ಥೆಯು ಬದಲಿ ವಿಧಾನಗಳ ಶೋಧನೆಗಾಗಿ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ನೀಡುವುದಾಗಿ ಪ್ರಕಟಿಸಿತು. 1981ರಲ್ಲಿ ಪ್ರಸಾಧನ ಉದ್ಯಮದ ಹಣದಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬದಲಿ ವಿಧಾನಗಳ ಕೇಂದ್ರವು ಸ್ಥಾಪಿತವಾಯಿತು.

ಜಾಹೀರಾತು ಎಂಬುದು ಸ್ವಭಾವತಃ ಉತ್ಪ್ರೇಕ್ಷೆಯ ಮಾಧ್ಯಮ. ಅಂತಹ ಮಾಧ್ಯಮದಲ್ಲಿಯೂ ಸ್ಪೈರಾ ಅವರು ಎದುರು ಪಕ್ಷವು ಅಲ್ಲಗಳೆಯಲಾರದ ಸಂಗತಿಯನ್ನೇ ಆಯ್ದುಕೊಂಡರು. ಮೊಲದ ಕಣ್ಣಿನ ಪರೀಕ್ಷೆ ನಡೆಯುತ್ತಿಲ್ಲ ಎಂದು ಹೇಳುವ ಧೈರ್ಯ ಯಾವ ಸಂಸ್ಥೆಗೂ ಇರಲಿಲ್ಲ. ಅದರ ಜೊತೆಗೆ, ಎದುರಾಳಿಯು ಮಾಡಬಹುದಾದ ಒಂದು ಕೆಲಸವನ್ನು ಅವರು ಕೇಳಿದರು. ಲಂಡನ್ನಿನ ಪುಸ್ತಕವು ಓದುಗನಲ್ಲಿ ಕೋಪವನ್ನು ಎಬ್ಬಿಸಿ ಅಲ್ಲಿಗೇ ಬಿಟ್ಟಿತು. ನ್ಯೂಯಾರ್ಕಿನ ಜಾಹೀರಾತು ಓದುಗನ ಕೈಗೆ ಒಂದು ಕಾರ್ಯವನ್ನೂ ಎದುರಾಳಿಗೆ ಒಂದು ದಾರಿಯನ್ನೂ ತೋರಿಸಿತು.

ಆದರೆ ಸ್ಪೈರಾ ಅವರ ಮಾರ್ಗಕ್ಕೂ ಮಿತಿಯಿದೆ. ಪ್ರಯೋಜನವು ಅತ್ಯಲ್ಪವೂ ಕ್ರೌರ್ಯವು ಸ್ಪಷ್ಟವೂ ಆದ ವಿಷಯಗಳಲ್ಲಿ ಆ ಮಾರ್ಗಕ್ಕೆ ಗೆಲುವು ಬೇಗ ದೊರೆತುದು ಸಹಜ. ಮುಖಕ್ಕೆ ಹಚ್ಚುವ ಬಣ್ಣಕ್ಕಾಗಿ ಮೊಲವನ್ನು ಕುರುಡಾಗಿಸುವುದನ್ನು ಖಂಡಿಸಲು ಜಿನಾಗಮದ ಆಧಾರವೂ ಬೇಕಿಲ್ಲ. ಮಗುವಿನ ಪ್ರಾಣ ಉಳಿಸುವ ಔಷಧದ ಪ್ರಶ್ನೆ ಬಂದಾಗ ಧರ್ಮಸಂಕಟ ನಿಜವಾಗಿ ಆರಂಭವಾಗುತ್ತದೆ. ಶ್ರಾವಕರ ಚಿಂತನೆಯು ಅಲ್ಲಿಂದ ಮುಂದೆ ಸಾಗಬೇಕು.

ಅನುಮೋದನೆಯ ಲೆಕ್ಕ

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದ ಕರ್ಮವು ಆಸ್ರವಿಸುತ್ತದೆ. ಪ್ರಯೋಗಾಲಯದಲ್ಲಿ ಕತ್ತಿ ಹಿಡಿದವನನ್ನು ಮಾತ್ರ ತೋರಿಸುವ ಕರಪತ್ರವು ಮೊದಲನೆಯ ಬಾಗಿಲನ್ನು ತೋರಿಸಿ ಉಳಿದೆರಡನ್ನು ಮುಚ್ಚಿಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಶ್ರಾವಕನೂ ಲಸಿಕೆ ಹಾಕಿಸುವ ತಾಯಿಯೂ ಉಚಿತ ವೈದ್ಯಕೀಯ ಶಿಬಿರ ನಡೆಸುವ ಟ್ರಸ್ಟೂ ಆ ಫಲದ ಭಾಗಿಗಳೇ. ಇದನ್ನು ಹೇಳುವುದು ಔಷಧವನ್ನು ಬಿಡಬೇಕೆಂಬ ಅರ್ಥದಲ್ಲಲ್ಲ. ರೋಗಿಯನ್ನು ಔಷಧದಿಂದ ವಂಚಿಸುವುದೂ ಹಿಂಸೆಯೇ. ಹಳೆಯ ಬಾಕಿಯನ್ನು ಖಾತೆಯಲ್ಲಿ ಬರೆದುಕೊಂಡವನಿಗೆ ಮಾತ್ರ ಅದನ್ನು ತೀರಿಸುವ ಚಿಂತೆ ಹುಟ್ಟುತ್ತದೆ ಎಂಬ ಅರ್ಥದಲ್ಲಿ.

ಬಾಕಿ ತೀರುವ ಮಾರ್ಗವೂ ಇಲ್ಲದಿಲ್ಲ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ತಮ್ಮ ಗ್ರಂಥದಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು: ಪ್ರಾಣಿಗೆ ಬದಲಾಗಿ ಬೇರೆ ವಿಧಾನವನ್ನು ಬಳಸುವುದು, ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು. ಹಸು, ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದ ಇನ್ಸುಲಿನ್ನಿಗೆ ಬದಲಾಗಿ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಹುಚ್ಚುನಾಯಿ ಕಡಿತಕ್ಕೆ ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಲಸಿಕೆಯು ಭಾರತದಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು. ಅದರಿಂದ ಕೆಲವು ರೋಗಿಗಳಿಗೆ ಪಾರ್ಶ್ವವಾಯುವಿನಂತಹ ತೊಂದರೆಯೂ ಉಂಟಾಗುತ್ತಿತ್ತು. 2005ರ ವೇಳೆಗೆ ಅದರ ತಯಾರಿಕೆ ನಿಂತು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಾದ ಲಸಿಕೆಯು ಅದರ ಸ್ಥಾನಕ್ಕೆ ಬಂದಿತು. ಕುರಿಗೂ ಮನುಷ್ಯನಿಗೂ ಏಕಕಾಲದಲ್ಲಿ ಹಿತವಾಯಿತು. ಇಂತಹ ನಿದರ್ಶನಗಳು ಅಹಿಂಸಾ ಪ್ರಚಾರದ ಹಾಳೆಗಳಲ್ಲಿ ವಿರಳವಾಗಿರುವುದು ಆಶ್ಚರ್ಯಕರ. ರಕ್ತದ ಚಿತ್ರಕ್ಕಿಂತ ಇವು ಹೆಚ್ಚು ಮನವೊಲಿಸಬಲ್ಲವು.

ಇಲ್ಲಿಯೂ ಲೆಕ್ಕದಲ್ಲಿ ಎಚ್ಚರಿಕೆ ಬೇಕು. ಚುಚ್ಚುಮದ್ದುಗಳಲ್ಲಿ ಜ್ವರಕಾರಕ ಅಂಶವಿದೆಯೇ ಎಂದು ತಿಳಿಯಲು ಹಿಂದೆ ಮೊಲಗಳನ್ನು ಬಳಸುತ್ತಿದ್ದರು. ಅದಕ್ಕೆ ಬದಲಾಗಿ ಬಂದ ಪರೀಕ್ಷೆಗೆ ಕುದುರೆಲಾಳದ ಏಡಿಯ ನೀಲಿ ರಕ್ತವು ಬೇಕಾಯಿತು. ರಕ್ತ ತೆಗೆದು ಸಮುದ್ರಕ್ಕೆ ಬಿಟ್ಟ ಏಡಿಗಳಲ್ಲಿ ಒಂದು ಭಾಗ ಸಾಯುತ್ತದೆ. ಮೊಲದ ಖಾತೆಯಿಂದ ಏಡಿಯ ಖಾತೆಗೆ ವರ್ಗಾಯಿಸಿದುದನ್ನು ಸಾಲ ತೀರಿತೆಂದು ಬರೆಯಲಾಗದು. ಏಡಿಯೂ ಬೇಡದ ಕೃತಕ ದ್ರವ್ಯವು ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬರತೊಡಗಿರುವುದು ಸಮಾಧಾನದ ಸಂಗತಿ.

ಟ್ರಸ್ಟುಗಳು ಮಾಡಬಹುದಾದುದು

ಭಾರತದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯು ಜಾರಿಗೆ ಬಂದಿತು. ಅದರ 14ನೆಯ ಪ್ರಕರಣವು ವೈದ್ಯಕೀಯ ಪ್ರಯೋಗಗಳಿಗೆ ಅವಕಾಶ ನೀಡಿದರೂ, 17ನೆಯ ಪ್ರಕರಣವು ಸಾಧ್ಯವಿರುವಲ್ಲೆಲ್ಲ ಅವುಗಳನ್ನು ತಪ್ಪಿಸಬೇಕೆಂದೂ ಕೇವಲ ಕೈಚಳಕ ಕಲಿಯುವುದಕ್ಕಾಗಿ ಪ್ರಯೋಗ ನಡೆಸಬಾರದೆಂದೂ ಆಶಯವನ್ನು ಹೇಳುತ್ತದೆ. 1998ರ ನಿಯಮಗಳ ಮೇರೆಗೆ ಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಪ್ರಾಣಿನೀತಿ ಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಗಳಲ್ಲದ, ಸಮಾಜಪ್ರಜ್ಞೆಯುಳ್ಳ ಒಬ್ಬ ಸದಸ್ಯರಿಗೂ ಸ್ಥಾನವಿದೆ. 2014ರಲ್ಲಿ ಪ್ರಸಾಧನ ದ್ರವ್ಯಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಭಾರತವು ನಿಷೇಧಿಸಿತು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿರಹಿತ ಪರೀಕ್ಷಾ ವಿಧಾನಗಳಿಗೂ ಮಾನ್ಯತೆ ದೊರೆಯಿತು.

ಇವುಗಳಲ್ಲಿ ಒಂದನ್ನೂ ಹೇಳದೆ, ಏನೂ ಬದಲಾಗಿಲ್ಲವೆಂಬಂತೆ ಬರೆಯುವ ಕರಪತ್ರವು ಓದುಗನಿಗೆ ನಿರಾಶೆಯನ್ನು ಮಾತ್ರ ಹಂಚುತ್ತದೆ. ಇತ್ತ ಸಂಶೋಧನಾ ಸಂಸ್ಥೆಗಳ ಪ್ರಚಾರ ಪತ್ರಿಕೆಗಳೂ ನಿರ್ದೋಷಿಗಳಲ್ಲ. ಗೆದ್ದ ಔಷಧಗಳ ಪಟ್ಟಿಯನ್ನು ಮುದ್ರಿಸಿ, ಬಳಸಿದ ಪ್ರಾಣಿಗಳ ಸಂಖ್ಯೆಯನ್ನೂ ವಿಫಲವಾದ ಪ್ರಯೋಗಗಳನ್ನೂ ಮೌನದಲ್ಲಿ ಮುಚ್ಚುವುದು ಅವುಗಳ ರೂಢಿ. ಎದುರು ಪಕ್ಷದ ಈ ಅರ್ಧಸತ್ಯವನ್ನು ಪ್ರಶ್ನಿಸುವ ಅಧಿಕಾರವು ತನ್ನ ಅರ್ಧಸತ್ಯವನ್ನು ತಿದ್ದಿಕೊಂಡವರಿಗೆ ಮಾತ್ರ ದೊರೆಯುತ್ತದೆ.

ಟ್ರಸ್ಟುಗಳು ಮುಂದೆ ಅಚ್ಚುಹಾಕಿಸುವ ಪ್ರತಿಯೊಂದು ಹಾಳೆಯಲ್ಲಿಯೂ ಸಂಗತಿಯ ಜೊತೆಗೆ ಅದರ ವರ್ಷ ಮತ್ತು ಸ್ಥಳ ಇರಲಿ. ಚಿತ್ರದ ಕೆಳಗೆ ಅದು ಎಲ್ಲಿಯದು, ಎಂದಿನದು ಎಂಬ ಒಕ್ಕಣೆ ಇರಲಿ. ಅಚ್ಚಿಗೆ ಹೋಗುವ ಮುನ್ನ ಸಮಾಜದ ಒಬ್ಬ ವೈದ್ಯರೂ ಒಬ್ಬ ವಕೀಲರೂ ಅದನ್ನು ಓದಲಿ. ಆಗಿರುವ ಉಪಕಾರವನ್ನು ಒಪ್ಪಿಕೊಂಡು, ಆದರೂ ಹಿಂಸೆಯು ಹಿಂಸೆಯೇ ಎಂದು ನೇರವಾಗಿ ಹೇಳಲಿ. ಕೊನೆಯಲ್ಲಿ ಓದುಗನು ಮಾಡಬಹುದಾದ ಒಂದು ಕಾರ್ಯವನ್ನು ಸೂಚಿಸಲಿ. ಬದಲಿ ವಿಧಾನಗಳ ಶೋಧನೆಯಲ್ಲಿ ತೊಡಗಿದ ಬಡ ವಿದ್ಯಾರ್ಥಿಯೊಬ್ಬನಿಗೆ ವಿದ್ಯಾರ್ಥಿವೇತನ ನೀಡುವುದು, ಪ್ರಾಣಿನೀತಿ ಸಮಿತಿಗಳಲ್ಲಿ ಕುಳಿತು ಪ್ರಶ್ನೆ ಕೇಳಬಲ್ಲ ಶ್ರಾವಕ, ಶ್ರಾವಿಕೆಯರನ್ನು ಸಿದ್ಧಗೊಳಿಸುವುದು, ಇವೆರಡೂ ಒಂದು ಸಾಮಾನ್ಯ ಟ್ರಸ್ಟಿನ ಶಕ್ತಿಗೆ ಮೀರಿದವಲ್ಲ. ಜೀವದಯೆಯ ಹುಂಡಿಗೆ ಬಿದ್ದ ಹಣವು ಕರಪತ್ರಗಳ ಅಚ್ಚಿಗೆ ವ್ಯಯವಾಗುವುದಕ್ಕಿಂತ ಇಂತಹ ಕಾರ್ಯಕ್ಕೆ ವಿನಿಯೋಗವಾದರೆ ದಾನಿಗಳ ಭಾವನೆಗೆ ಹೆಚ್ಚಿನ ನ್ಯಾಯ ಸಲ್ಲುತ್ತದೆ.

ಕಂದುನಾಯಿಯ ಮೈಮೇಲಿನ ಗಾಯವು ನಿಜವಾಗಿತ್ತು. ಅದನ್ನು ಕಂಡ ಕಣ್ಣುಗಳೂ ನಿಜವಾಗಿದ್ದವು. ಅಷ್ಟನ್ನೇ ಬರೆದಿದ್ದರೆ ಆ ಪುಸ್ತಕವನ್ನು ಹಿಂತೆಗೆದುಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಮಾತಿಲ್ಲದ ಜೀವಿಗೆ ಮಾತನ್ನು ಎರವಲು ಕೊಡುವವರು ಒಳ್ಳೆಯ ನಾಣ್ಯವನ್ನೇ ಕೊಡಬೇಕು. ಸವಕಲು ನಾಣ್ಯವು ಪೇಟೆಯಲ್ಲಿ ಹಿಂದಿರುಗಿದಾಗ ಅವಮಾನಕ್ಕೆ ಗುರಿಯಾಗುವವನು ಕೊಟ್ಟವನು, ನಷ್ಟಕ್ಕೆ ಗುರಿಯಾಗುವುದು ಆ ಜೀವಿ.